ಚಾಮರಾಜನಗರದ ಸೀಮೆಯಲ್ಲಿ ಕೋವಿಯೂ ಮೃಗಯೆಯೂ

ಮೃಗಯೆಯು ಅರಸರಿಗೆ ಉಚಿತವಾದ ವಿನೋದವೆಂದೂ, ಅವರನ್ನು ಕೆಡಿಸುವ ವ್ಯಸನವೆಂದೂ ಪೂರ್ವಿಕರು ಎರಡು ಬಗೆಯಾಗಿ ಹೇಳಿರುವರು. ಮನುಸ್ಮೃತಿಯು ಕಾಮಜವಾದ ಹತ್ತು ವ್ಯಸನಗಳನ್ನು ಎಣಿಸುವಾಗ ಮೃಗಯೆಯನ್ನೇ ಮೊದಲು ಹೆಸರಿಸುವುದು. ಕೌಟಿಲ್ಯನಾದರೋ ಅದನ್ನು ವ್ಯಸನಗಳಲ್ಲಿ ಸೇರಿಸಿಯೂ, ಅದರಿಂದ ದೇಹಕ್ಕೆ ವ್ಯಾಯಾಮವೂ, ಚಲಿಸುವ ಮತ್ತು ನಿಂತ ಗುರಿಗಳಲ್ಲಿ ಅಭ್ಯಾಸವೂ, ಮೃಗಗಳ ಚಿತ್ತವೃತ್ತಿಯ ಪರಿಚಯವೂ ಆಗುವುದೆಂದು ಒಪ್ಪುವನು. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮೃಗಯಾವಿನೋದಕ್ಕೆ ಪ್ರತ್ಯೇಕವಾಗಿ ಸ್ಥಳವನ್ನು ಕೊಟ್ಟಿರುವನು. ಕಾಳಿದಾಸನ ಶಾಕುಂತಲದಲ್ಲಿ ಸೇನಾಪತಿಯು ಬೇಟೆಯನ್ನು ಹೊಗಳುವನು. ಅದೇ ನಾಟಕದ ಆರಂಭದಲ್ಲಿ ತಪಸ್ವಿಯೊಬ್ಬನು ಅಡ್ಡಬಂದು ಆಶ್ರಮದ ಮೃಗವನ್ನು ಕೊಲ್ಲಬಾರದೆಂದು ದೊರೆಯನ್ನು ತಡೆಯುವನು.

ಹಾಗಾದರೆ ವಿನೋದಕ್ಕೂ ವ್ಯಸನಕ್ಕೂ ನಡುವಣ ಮೇರೆ ಯಾವುದು? ಇದಕ್ಕೆ ರಾಮಾಯಣದ ಒಂದು ಕಥೆಯು ದಾರಿಯನ್ನು ತೋರುವುದು. ದಶರಥನು ಶಬ್ದವೇಧಿ. ಕಣ್ಣಿಗೆ ಕಾಣದ ಮೃಗವನ್ನು ಅದರ ಸದ್ದಿನಿಂದಲೇ ಹೊಡೆಯಬಲ್ಲೆನೆಂಬುದು ಅವನ ಹೆಮ್ಮೆಯಾಗಿದ್ದಿತು. ಸರಯೂತೀರದ ಕತ್ತಲಲ್ಲಿ ಆ ವಿದ್ಯೆಯೇ ಮುನಿಕುಮಾರನ ಪ್ರಾಣವನ್ನು ತೆಗೆದು, ಅಯೋಧ್ಯೆಯ ಅರಮನೆಯ ಮೇಲೆ ಶಾಪವನ್ನು ತಂದಿತು. ಗುರಿ ತಪ್ಪಿದುದರಿಂದ ಬಂದ ಅನರ್ಥವಿದಲ್ಲ. ಬಾಣವು ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿದ್ದಿತು. ಕಣ್ಣು ಹೋಗದಿದ್ದ ಕಡೆಗೆ ಕೈ ಹೋದುದೇ ಅಲ್ಲಿಯ ದೋಷ. ಬೇಟೆಯ ಆಯುಧಗಳ ಚರಿತ್ರೆಯನ್ನು ನೋಡಿದರೆ, ಅದು ಕೈಯ ನಿಲುಕನ್ನು ಹೆಚ್ಚಿಸುತ್ತ ಬಂದ ಚರಿತ್ರೆಯೇ ಆಗಿರುವುದು. ಆ ಚರಿತ್ರೆಯ ಮುಖ್ಯವಾದ ಕೆಲವು ಘಟ್ಟಗಳು ಚಾಮರಾಜನಗರ, ಗುಂಡ್ಲುಪೇಟೆಗಳ ಕಾಡಿನಲ್ಲಿಯೇ ನಡೆದುವೆಂಬುದನ್ನು ಈ ಪ್ರಾಂತದ ವಾಚಕರು ತಿಳಿಯುವುದು ಯುಕ್ತವಾಗಿದೆ.

ಸೀಮೆಯೂ ಹಳೆಯ ಬೇಟೆಯೂ

ಅರಿಕುಠಾರವೆಂದು ಹೆಸರಾಗಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಜನ್ಮಸ್ಥಳವೆಂಬ ಕಾರಣದಿಂದ ೧೮೧೮ರಲ್ಲಿ ಚಾಮರಾಜನಗರವೆಂದು ನಾಮಕರಣ ಮಾಡಿದರು. ಅದರ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟಗಳ ಸಾಲು. ಪಶ್ಚಿಮಕ್ಕೆ ಗುಂಡ್ಲುಪೇಟೆಯನ್ನು ದಾಟಿದರೆ ಹಿಮವದ್ಗೋಪಾಲಸ್ವಾಮಿಯ ಬೆಟ್ಟವೂ ಬಂಡೀಪುರದ ಕಾಡೂ. ದಕ್ಷಿಣಕ್ಕೆ ಮೋಯಾರಿನ ಕಂದರದಾಚೆ ನೀಲಗಿರಿ. ಆನೆ, ಕಾಟಿ, ಹುಲಿ, ಚಿರತೆ, ಕಡವೆ, ಜಿಂಕೆ, ಕರಡಿ, ಹಂದಿಗಳು ಇಷ್ಟು ದಟ್ಟವಾಗಿ ಕೂಡಿರುವ ಭೂಮಿ ಭರತಖಂಡದಲ್ಲಿ ಅಪೂರ್ವ. ಇಲ್ಲಿಯ ಸೋಲಿಗರು ಹುಲಿಯನ್ನು ಹುಲಿವೀರಪ್ಪನೆಂದು ಪೂಜಿಸುವರು. ಮಲೆಯ ಮಹದೇಶ್ವರನಿಗೆ ಹುಲಿಯೇ ವಾಹನ.

ಕೋವಿಯು ಬರುವುದಕ್ಕೆ ಮುಂಚಿನ ಬೇಟೆಯ ಸ್ವರೂಪವನ್ನು ತಿಳಿಯಲು ನೆರೆಯ ಮಂಡ್ಯದ ಸೀಮೆಯ ಆತಕೂರಿನ ಶಾಸನವನ್ನು ನೆನೆದರೆ ಸಾಕು. ಹತ್ತನೆಯ ಶತಮಾನದ ನಡುವಿನ ಆ ಕಲ್ಲು, ಗಂಗರ ಬೂತುಗನ ಕಾಲದಲ್ಲಿ ಮಣಲೆರನೆಂಬ ವೀರನ ಕಾಳಿಯೆಂಬ ನಾಯಿಯು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿದುದನ್ನು ಹೇಳುವುದು. ಬೇಟೆನಾಯಿಗೆ ನಿಲ್ಲಿಸಿದ ಈ ಸ್ಮಾರಕದ ಅರ್ಥವು ಸ್ಪಷ್ಟವಾಗಿದೆ. ಆಗಿನ ಬೇಟೆಯಲ್ಲಿ ಕೊಲ್ಲುವುದಕ್ಕೂ ಸಾಯುವುದಕ್ಕೂ ನಡುವೆ ಒಂದು ಮಾರಿನ ಅಂತರ ಮಾತ್ರವಿದ್ದಿತು. ಹುಲಿಯೊಡನೆ ಕಾದಿ ಮಡಿದವರ ವೀರಗಲ್ಲುಗಳು ಕರ್ನಾಟಕದ ಹಲವು ಕಡೆಗಳಲ್ಲಿ ಇದನ್ನೇ ಸಾರುವುವು.

ಹದಿನೆಂಟನೆಯ ಶತಮಾನದಲ್ಲಿ ಶ್ರೀರಂಗಪಟ್ಟಣವು ಕೋವಿಗಳ ಒಂದು ದೊಡ್ಡ ಕಮ್ಮಟವಾಯಿತು. ಟಿಪ್ಪು ಸುಲ್ತಾನನ ಕುಶಲಕರ್ಮಿಗಳು ಮಾಡಿದ ಚಕಮಕಿ ಕೋವಿಗಳು ಹುಲಿಯ ತಲೆಯ ಆಕೃತಿಯಿಂದಲೂ, ಹುಲಿಪಟ್ಟೆಗಳ ಚಿತ್ರದಿಂದಲೂ, ಆತನು ಹೊಸದಾಗಿ ಏರ್ಪಡಿಸಿದ ಶಕವರ್ಷದ ಅಂಕಿತದಿಂದಲೂ ಇಂದಿಗೂ ಗುರುತಿಸಲ್ಪಡುತ್ತವೆ. ತರುವಾಯ ಹಳ್ಳಿಹಳ್ಳಿಗೂ ಬಂದುದು ಕೇಪಿನ ಕೋವಿ. ಅದರ ಬಾಯಿಯಿಂದ ಮದ್ದನ್ನು ಸುರಿದು, ನಾರನ್ನು ತುರುಕಿ, ಗುಂಡನ್ನೋ ಚರೆಯನ್ನೋ ಹಾಕಿ, ಗಜದಿಂದ ಜಡಿದು, ಕೇಪನ್ನಿಟ್ಟು, ಆಮೇಲೆ ಕುದುರೆಯನ್ನೆಳೆಯಬೇಕು. ಒಂದೇ ಏಟು, ಅದು ತಪ್ಪಿದರೆ ಮರವನ್ನೇರುವುದೊಂದೇ ಗತಿ. ಆದಕಾರಣ ಈ ಕೋವಿಯನ್ನು ಹಿಡಿದವನೂ ಮೃಗದ ಹತ್ತಿರಕ್ಕೇ ಹೋಗಬೇಕಾಗಿದ್ದಿತು.

ಸ್ಯಾಂಡರ್ಸನ್ನನ ಭಾರಿ ಕೋವಿ

ಈ ಸೀಮೆಯ ಮೃಗಯೆಯ ಚರಿತ್ರೆಯಲ್ಲಿ ಜಾರ್ಜ್ ಪೆರೆಸ್ ಸ್ಯಾಂಡರ್ಸನ್ನನ ಹೆಸರು ಮುಖ್ಯವಾದುದು. ಆತನು ಹುಟ್ಟಿದುದು ೧೮೪೮ರಲ್ಲಿ. ತಂದೆ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಪಾದ್ರಿ. ರೀವ್ ಎಂಬವರ ಕನ್ನಡ–ಇಂಗ್ಲಿಷು ನಿಘಂಟನ್ನು ತಿದ್ದಿ ಬೆಳೆಸಿ ೧೮೫೮ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದವರು ಅವರೇ. ಮಗನು ಮೈಸೂರು ಸಂಸ್ಥಾನದ ನೀರಾವರಿ ನಾಲೆಗಳ ಇಲಾಖೆಯಲ್ಲಿ ನೌಕರಿಗೆ ಸೇರಿ, ಚಾಮರಾಜನಗರದ ಸಮೀಪದಲ್ಲಿ ವಾಸಮಾಡಿಕೊಂಡಿದ್ದು, ಅಲ್ಲಿಯ ಕಾಡಿನವರಿಂದ ಮೃಗಗಳ ನಡೆಯನ್ನು ಕಲಿತನು. ೧೮೭೪ರಲ್ಲಿ, ಹೊನ್ನುಹೊಳೆಯೆಂದೂ ಕರೆಯಲ್ಪಡುವ ಸುವರ್ಣಾವತಿಯ ಪ್ರದೇಶದಲ್ಲಿ ಖೆಡ್ಡಾವನ್ನು ಏರ್ಪಡಿಸಿ ಐವತ್ತಕ್ಕೂ ಮಿಕ್ಕ ಕಾಡಾನೆಗಳನ್ನು ಒಟ್ಟಿಗೆ ಹಿಡಿದುದು ಅವನಿಗೆ ಖ್ಯಾತಿಯನ್ನು ತಂದಿತು. ತನ್ನ ಹದಿಮೂರು ವರ್ಷಗಳ ಅನುಭವವನ್ನು ೧೮೭೮ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿ, ೧೮೯೨ರಲ್ಲಿ ಮದರಾಸಿನಲ್ಲಿ ಕಾಲವಾದನು. ಕಿಪ್ಲಿಂಗನ ಆನೆಯ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಈತನೇ ಮಾದರಿಯೆಂದು ಹೇಳುವರು.

ಸ್ಯಾಂಡರ್ಸನ್ನನು ಮೊದಲು ೧೨ ಬೋರಿನ ರೈಫಲಿನಿಂದ ಕೆಲವು ಆನೆಗಳನ್ನು ಹೊಡೆದನು. ಆದರೆ ಅದು ಸಾಲದೆಂದು ಕಂಡು, ಲಂಡನ್ನಿನ ಲ್ಯಾಂಗ್ ಎಂಬ ಕೋವಿಗಾರರಿಂದ ೪ ಬೋರಿನ ಒಂಟಿನಳಿಗೆಯ ರೈಫಲೊಂದನ್ನು ತನಗಾಗಿಯೇ ಮಾಡಿಸಿದನು. ಅದರ ತೂಕ ೧೬½ ಪೌಂಡು. ತರುವಾಯ ಅದನ್ನೂ ಬಿಟ್ಟು ಗ್ರೀನರನು ಮಾಡಿದ ೧೯½ ಪೌಂಡಿನ ೪ ಬೋರಿನ ಕೋವಿಯನ್ನು ತರಿಸಿಕೊಂಡನು. ಬೋರಿನ ಲೆಕ್ಕವು ವಿಚಿತ್ರವಾದುದು. ಒಂದು ಪೌಂಡು ಸೀಸದಿಂದ ನಳಿಗೆಗೆ ಸರಿಹೋಗುವ ಎಷ್ಟು ಉಂಡೆಗಳಾಗುವುವೋ ಅಷ್ಟನೆಯ ಬೋರೆಂದು ಹೆಸರು; ಆದಕಾರಣ ಸಂಖ್ಯೆಯು ಕಡಮೆಯಾದಷ್ಟೂ ಗುಂಡು ದೊಡ್ಡದು. ೪ ಬೋರಿನ ಗುಂಡೆಂದರೆ ಕಾಲು ಪೌಂಡು ಸೀಸ, ಅಡ್ಡಳತೆಯಲ್ಲಿ ಒಂದು ಅಂಗುಲಕ್ಕೂ ಮಿಕ್ಕುದು. ಅದರ ಹಿಂದೆ ೧೨ ಡ್ರಾಮು, ಎಂದರೆ ಸುಮಾರು ೨೧ ಗ್ರಾಮು ಕರಿಮದ್ದು.

ಇಷ್ಟು ಭಾರವು ಶೋಕಿಗಾಗಿ ಇದ್ದುದಲ್ಲ. ಕರಿಮದ್ದು ಎಷ್ಟು ಸುರಿದರೂ ಅಂಥ ಗುಂಡಿನ ವೇಗವು ಸೆಕೆಂಡಿಗೆ ೧೫೦೦ ಅಡಿಯನ್ನು ಮೀರುವುದು ಅಪೂರ್ವ. ವೇಗವು ಹೆಚ್ಚದಿದ್ದಾಗ ಗುಂಡಿನ ತೂಕವನ್ನೇ ಹೆಚ್ಚಿಸಬೇಕು. ಗುಂಡಿನ ತೂಕವು ಹೆಚ್ಚಿದರೆ ಒದೆತವನ್ನು ತಡೆಯುವುದಕ್ಕೆ ಕೋವಿಯ ತೂಕವೂ ಹೆಚ್ಚಬೇಕು. ಅದನ್ನು ಬಿಸಿಲಿನಲ್ಲಿ ಹೊರುವುದಕ್ಕೆ ಆಳು ಬೇಕು. ಹೆಜ್ಜೆಯನ್ನು ಹುಡುಕುವುದಕ್ಕೆ ಕಾಡಿನವನು ಬೇಕು. ಹತ್ತು ಹದಿನೈದು ಮಾರಿನೊಳಗೆ ಹೋಗದೆ ಆನೆಯ ತಲೆಯಲ್ಲಿ ಮಿದುಳಿನ ಸ್ಥಾನವನ್ನು ನಿಶ್ಚಯಿಸುವುದು ಸಾಧ್ಯವಿರಲಿಲ್ಲ. ಒಂದು ಹಾರಿಸಿದೊಡನೆ ಹೊಗೆಯು ಕವಿದು, ಮೃಗವು ಬಿದ್ದಿತೋ ಮೇಲೇರಿ ಬಂದಿತೋ ಕಾಣುತ್ತಿರಲಿಲ್ಲ. ಹೀಗೆ ಕೋವಿಯ ಭಾರವೂ, ಮದ್ದಿನ ಹೊಗೆಯೂ, ಗುಂಡಿನ ಮಂದಗತಿಯೂ ಸೇರಿ, ಯಾವ ಶಾಸ್ತ್ರವೂ ವಿಧಿಸದ ನಿಯಮವೊಂದನ್ನು ಬೇಟೆಗಾರನ ಮೇಲೆ ಹೇರಿದ್ದುವು. ಕೊಲ್ಲಬೇಕಾದರೆ ಹತ್ತಿರ ಹೋಗಬೇಕೆಂಬುದೇ ಆ ನಿಯಮ.

ಹೊಗೆಯಿಲ್ಲದ ಮದ್ದೂ ಮ್ಯಾಗ್ನಮ್ ತೋಟೆಯೂ

ಆ ನಿಯಮವನ್ನು ಮುರಿದುದು ರಸಾಯನಶಾಸ್ತ್ರ. ೧೮೮೪ರಲ್ಲಿ ಫ್ರಾನ್ಸಿನ ವಿಯೇಲ್ ಎಂಬ ವಿದ್ವಾಂಸನು ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. ೧೮೮೯ರಲ್ಲಿ ಇಂಗ್ಲೆಂಡಿನ ಏಬೆಲ್, ಡ್ಯೂಆರ್ ಎಂಬವರು ಕಾರ್ಡೈಟನ್ನು ಸಿದ್ಧಪಡಿಸಿದರು. ಸಣ್ಣ ಗುಂಡಿಗೆ ತಾಮ್ರ ಮೊದಲಾದ ಲೋಹದ ಕವಚವನ್ನು ತೊಡಿಸಿ ಸೆಕೆಂಡಿಗೆ ೨೦೦೦ ಅಡಿಗೂ ಮಿಕ್ಕ ವೇಗದಿಂದ ಕಳುಹಿಸುವುದು ಸಾಧ್ಯವಾಯಿತು. ೧೮೯೮ರಲ್ಲಿ ಜರ್ಮನಿಯ ಮೌಸರನ ಅಗುಳಿಕೋವಿಯು ಪೂರ್ಣರೂಪವನ್ನು ಹೊಂದಿತು. ಅದೇ ವರ್ಷ ಲಂಡನ್ನಿನ ರಿಗ್ಬಿಯವರು ೦.೪೫೦ ಅಂಗುಲದ ಕಾರ್ಡೈಟ್ ರೈಫಲನ್ನು ಹೊರತಂದರು. ಸ್ಯಾಂಡರ್ಸನ್ನನ ೪ ಬೋರು ಒಂದೇ ತಲೆಮಾರಿನಲ್ಲಿ ವಸ್ತುಸಂಗ್ರಹಾಲಯದ ಸಾಮಾನಾಯಿತು. ೧೯೦೭ರಲ್ಲಿ ಜಿಮ್ ಕಾರ್ಬೆಟ್ಟನು ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕೆ ಬಹುಮಾನವಾಗಿ ಬಂದ ೦.೨೭೫ ಅಂಗುಲದ ರಿಗ್ಬಿ ರೈಫಲಿನ ಗುಂಡು ಕಿರುಬೆರಳಿಗಿಂತ ಸಣ್ಣದು.

೧೯೧೨ರಲ್ಲಿ ಹಾಲೆಂಡ್ ಎಂಡ್ ಹಾಲೆಂಡ್ ಎಂಬ ಲಂಡನ್ನಿನ ಕೋವಿಗಾರರು ೦.೩೭೫ ಅಂಗುಲದ ಮ್ಯಾಗ್ನಮ್ ತೋಟೆಯನ್ನೂ, ೧೯೨೫ರಲ್ಲಿ ೦.೩೦೦ ಅಂಗುಲದ ತೋಟೆಯನ್ನೂ ತಂದರು. ಮ್ಯಾಗ್ನಮ್ ಎಂಬುದು ಲ್ಯಾಟಿನ್ ಶಬ್ದ. ಸಂಸ್ಕೃತದ ‘ಮಹತ್’ ಶಬ್ದಕ್ಕೆ ಸಜಾತೀಯವಾದುದು. ಯೂರೋಪಿನಲ್ಲಿ ದ್ರಾಕ್ಷಾಮದ್ಯದ ಇಮ್ಮಡಿ ಸೀಸೆಗೆ ಇದ್ದ ಈ ಹೆಸರನ್ನು, ಅದೇ ಅಳತೆಯ ಗುಂಡಿಗೆ ವಾಡಿಕೆಗಿಂತ ಹೆಚ್ಚು ಮದ್ದನ್ನು ತುಂಬಿದ ತೋಟೆಗೂ ಇಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ರಾಯ್ ವೆದರ್ಬಿಯು ವೇಗವೇ ಮುಖ್ಯವೆಂಬ ವಾದವನ್ನು ಎತ್ತಿಹಿಡಿದು ಹಲವು ಮ್ಯಾಗ್ನಮ್ ತೋಟೆಗಳನ್ನು ರಚಿಸಿದನು. ೧೯೬೨ರ ೭ ಮಿಲಿಮೀಟರಿನ ರೆಮಿಂಗ್ಟನ್, ೧೯೬೩ರ ೦.೩೦೦ ಅಂಗುಲದ ವಿಂಚೆಸ್ಟರ್ ತೋಟೆಗಳು ಈ ಪಂಥವನ್ನು ಸಾಮಾನ್ಯ ಬೇಟೆಗಾರರಿಗೂ ಮುಟ್ಟಿಸಿದುವು.

ಹಗುರವಾದ ಕೋವಿಯ ರಚನೆ

ಇನ್ನು ಉಳಿದುದು ತೂಕ. ಅಮೆರಿಕದ ಎತ್ತರದ ಬೆಟ್ಟಗಳಲ್ಲಿ ಕಾಡುಕುರಿಯನ್ನೂ ಎಲ್ಕ್ ಎಂಬ ದೊಡ್ಡ ಸಾರಂಗವನ್ನೂ ಅರಸುವವರು ದಿನಗಟ್ಟಲೆ ಕೋವಿಯನ್ನು ತಾವೇ ಹೊತ್ತು ಏರಬೇಕಾದುದರಿಂದ, ಪ್ರತಿಯೊಂದು ಪೌಂಡೂ ಅವರಿಗೆ ಲೆಕ್ಕ. ಆದುದರಿಂದ ಒಬ್ಬೊಬ್ಬ ಬೇಟೆಗಾರನ ಮೈಕಟ್ಟಿಗೂ ಬೇಕಿಗೂ ತಕ್ಕಂತೆ ಹಗುರವಾದ ಮ್ಯಾಗ್ನಮ್ ರೈಫಲನ್ನು ಮಾಡಿಕೊಡುವುದು ಅಲ್ಲಿ ಒಂದು ಕಸಬಾಗಿ ಬೆಳೆಯಿತು. ೧೯೮೦ರ ದಶಕದಲ್ಲಿ ವೆಸ್ಟ್ ವರ್ಜೀನಿಯಾದ ಮೆಲ್ವಿನ್ ಫೋರ್ಬ್ಸನು ಆಕ್ರೋಟದ ಮರಕ್ಕೆ ಬದಲಾಗಿ ಕೃತಕ ನಾರುಗಳಿಂದ ಹಿಡಿಯನ್ನು ಮಾಡಿ, ಐದು ಪೌಂಡಿನ ಆಸುಪಾಸಿನ ಕೋವಿಗಳನ್ನು ಹೊರತಂದನು. ಈಗ ಅಗುಳಿಯ ಮನೆಯನ್ನು ಟೈಟೇನಿಯಮ್ಮಿನಿಂದಲೂ, ಹಿಡಿಯನ್ನು ಇಂಗಾಲದ ನಾರಿನಿಂದಲೂ ಮಾಡುವರು. ನಳಿಗೆಯನ್ನು ತೆಳ್ಳಗೆ ಕಡೆದು ಅದರ ಮೇಲೆ ಇಂಗಾಲದ ನಾರನ್ನು ಸುತ್ತುವರು, ಇಲ್ಲವೆ ಮೈಯುದ್ದಕ್ಕೂ ಗೀರುಗಳನ್ನು ಕೊರೆದು ಉಕ್ಕನ್ನು ಕಳೆಯುವರು.

ಆದರೆ ಒಂದು ಗುಣವನ್ನು ಪಡೆಯುವುದಕ್ಕೆ ಇನ್ನೊಂದನ್ನು ತೆರಬೇಕೆಂಬುದು ಯಂತ್ರಗಳಿಗೂ ತಪ್ಪದ ನ್ಯಾಯ. ಗುಂಡು ಮುಂದಕ್ಕೆ ಹೋಗುವಾಗ ಕೋವಿಯು ಹಿಂದಕ್ಕೆ ಬರುವುದು ನ್ಯೂಟನ್ನನ ಸೂತ್ರ. ತೋಟೆಯು ಒಂದೇ ಆಗಿದ್ದು ಕೋವಿಯ ತೂಕವು ಅರ್ಧವಾದರೆ ಒದೆತದ ಶಕ್ತಿಯು ಇಮ್ಮಡಿಯಾಗುವುದು. ಒಂಬತ್ತು ಪೌಂಡಿನಿಂದ ಆರು ಪೌಂಡಿಗಿಳಿದರೆ ಒಂದೂವರೆಯಷ್ಟು. ಒದೆತಕ್ಕೆ ಹೆದರಿದ ಭುಜವು ಕುದುರೆಯನ್ನೆಳೆಯುವ ಮೊದಲೇ ನಡುಗಿ ಗುರಿಯನ್ನು ಕೆಡಿಸುವುದು. ಅದನ್ನು ತಗ್ಗಿಸಲು ನಳಿಗೆಯ ಬಾಯಿಗೆ ತೂತುಗಳುಳ್ಳ ಕೊಳವೆಯನ್ನು ತಿರುಪಿ, ಹೊಗೆಗಾಳಿಯನ್ನು ಪಕ್ಕಕ್ಕೆ ತಿರುಗಿಸುವರು. ಆಗ ಒದೆತವು ಇಳಿದು ಸದ್ದು ಕಿವಿಯನ್ನು ಕೆಡಿಸುವಷ್ಟು ಏರುವುದು. ಮ್ಯಾಗ್ನಮ್ ತೋಟೆಯ ಮದ್ದು ಪೂರ್ತಿಯಾಗಿ ಉರಿದು ಫಲವನ್ನು ಕೊಡಲು ೨೪ ಅಥವಾ ೨೬ ಅಂಗುಲದ ನಳಿಗೆ ಬೇಕು. ತೂಕವನ್ನಿಳಿಸಬೇಕೆನ್ನುವವನಿಗೆ ಗಿಡ್ಡ ನಳಿಗೆ ಬೇಕು. ತೆಳುವಾದ ನಳಿಗೆಯು ಎರಡು ಮೂರು ಏಟಿಗೇ ಕಾದು, ಗುಂಡು ತಾಗುವ ಸ್ಥಳವನ್ನು ಬದಲಿಸಬಹುದು. ಆದಕಾರಣ ಅದು ಹಿಡಿಗೆ ಎಲ್ಲಿಯೂ ತಗುಲದಂತೆ ಸಣ್ಣ ಸಂದನ್ನು ಬಿಟ್ಟು ಕೂಡಿಸುವರು. ಹೀಗೆ ಒಂದೊಂದು ವಿರೋಧವನ್ನೂ ತೂಗಿನೋಡಿ ಸಮಾಧಾನಕ್ಕೆ ತರುವುದೇ ಆ ಕಸಬಿನವನ ಜಾಣ್ಮೆ. ಲ್ಯಾಂಗನೂ ಗ್ರೀನರನೂ ಭಾರವನ್ನು ಕೂಡಿಸಿ ಸಾಧಿಸಿದುದನ್ನು ಇವರು ಭಾರವನ್ನು ಕಳೆದು ಸಾಧಿಸಹೊರಟಿರುವರು.

ಅಂಥ ಕೋವಿಯಿಂದ ೧೮೦ ಗ್ರೇನಿನ ಗುಂಡು, ಎಂದರೆ ಸ್ಯಾಂಡರ್ಸನ್ನನ ಗುಂಡಿನ ಹತ್ತನೆಯ ಒಂದು ಭಾಗದಷ್ಟು ಲೋಹ, ಸೆಕೆಂಡಿಗೆ ಸುಮಾರು ೨೯೫೦ ಅಡಿ ವೇಗದಿಂದ ಹೊರಡುವುದು. ೨೦೦ ಗಜಕ್ಕೆ ಗುರಿಯನ್ನು ಹೊಂದಿಸಿದ್ದರೆ ೫೦೦ ಗಜದಲ್ಲಿ ಅದು ಸುಮಾರು ಮೂರು ಅಡಿ ಕೆಳಕ್ಕೆ ಬೀಳುವುದು. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿಯು ಅದನ್ನು ಸುಮಾರು ಒಂದೂವರೆ ಅಡಿ ಪಕ್ಕಕ್ಕೆ ತಳ್ಳುವುದು. ದೂರದರ್ಶಕವೂ, ಲೇಸರ್ ಕಿರಣದಿಂದ ದೂರವನ್ನಳೆಯುವ ಯಂತ್ರವೂ ಬೀಳುವಿಕೆಯ ಲೆಕ್ಕವನ್ನು ಹೇಳಬಲ್ಲುವು. ನಡುವಣ ಕಣಿವೆಯಲ್ಲಿ ಗಾಳಿಯು ಯಾವ ಕಡೆಗೆ ಬೀಸುತ್ತಿದೆಯೆಂಬುದನ್ನು ಅವು ನಿಶ್ಚಯವಾಗಿ ಹೇಳಲಾರವು. ಇದಕ್ಕಿಂತ ಮುಖ್ಯವಾದ ಸಂಗತಿಯೊಂದುಂಟು. ಐನೂರು ಗಜವನ್ನು ದಾಟಲು ಗುಂಡಿಗೆ ಅರ್ಧ ಸೆಕೆಂಡಿಗೂ ಸ್ವಲ್ಪ ಹೆಚ್ಚು ಕಾಲ ಬೇಕು. ಅಷ್ಟರೊಳಗೆ ಮೇಯುತ್ತಿರುವ ಜಿಂಕೆಯು ಒಂದು ಹೆಜ್ಜೆಯನ್ನಿಡಬಲ್ಲುದು. ಕೋವಿಯು ಎಷ್ಟು ನಿಷ್ಕೃಷ್ಟವಾಗಿದ್ದರೂ ಮೃಗದ ಆ ಒಂದು ಹೆಜ್ಜೆಯು ಯಾವ ಲೆಕ್ಕಕ್ಕೂ ಸಿಕ್ಕುವುದಲ್ಲ. ಎದೆಗೆ ಹೊರಟ ಗುಂಡು ಹೊಟ್ಟೆಗೆ ತಾಗಿದರೆ, ಐನೂರು ಗಜದಾಚೆ ಪೊದೆಯಲ್ಲಿ ನುಸುಳಿದ ಮೃಗದ ನೋವು ಹೊಡೆದವನ ಕಣ್ಣಿಗೆ ಬೀಳುವುದಿಲ್ಲ. ಶಬ್ದವೇಧಿಯ ದೋಷವು ಇಲ್ಲಿ ಹೊಸ ವೇಷದಿಂದ ಬರುವುದು. ಆ ಕಸಬನ್ನು ಚೆನ್ನಾಗಿ ಬಲ್ಲವರಲ್ಲಿಯೇ ಅನೇಕರು, ಕೋವಿಯ ಶಕ್ತಿಯು ಎಲ್ಲಿಯವರೆಗೆ ಹೋಗುವುದೋ ಅಲ್ಲಿಯವರೆಗೆ ಹೊಡೆಯಬಾರದೆಂದು ಹೇಳುವುದೂ ಇದರಿಂದಲೇ.

ಈ ಸೀಮೆಯು ಆರಿಸಿಕೊಂಡ ಮೇರೆ

ಬಂಡೀಪುರದ ಕುರುಚಲಲ್ಲಿಯೂ ಲಂಟಾನದ ಪೊದೆಗಳಲ್ಲಿಯೂ ಅನೇಕ ಕಡೆ ಐವತ್ತು ಗಜದಾಚೆಗೆ ಕಣ್ಣೇ ಹೋಗುವುದಿಲ್ಲ. ದೂರದ ಗುರಿಗೆ ಅವಕಾಶವಿದ್ದುದು ಗುಂಡ್ಲುಪೇಟೆಯ ದಕ್ಷಿಣಕ್ಕೆ ಕಾಣುವ ನೀಲಗಿರಿಯ ಬೋಳುಹುಲ್ಲುಗಾವಲಿನಲ್ಲಿ. ಬಂಡೆಗಳ ಮೇಲೆ ಕಾವಲುನಿಲ್ಲುವ ನೀಲಗಿರಿಯ ಕಾಡುಮೇಕೆಯನ್ನು ಹತ್ತಿರದಿಂದ ಹೊಡೆಯುವುದು ಕಷ್ಟ. ರೈಫಲುಗಳು ಬಂದ ಮೇಲೆ ಅದರ ಸಂಖ್ಯೆಯು ಬೇಗನೆ ಕುಗ್ಗಿತು. ಅದನ್ನು ಕಂಡು ಬೇಟೆಗಾರರೇ ೧೮೭೭ರಲ್ಲಿ ಒಂದು ಸಂಘವನ್ನು ಕಟ್ಟಿದರು. ೧೮೭೯ರಲ್ಲಿ ಮದರಾಸು ಸರಕಾರವು ನೀಲಗಿರಿಯ ಮೃಗಮತ್ಸ್ಯ ಸಂರಕ್ಷಣೆಯ ಶಾಸನವನ್ನು ಮಾಡಿತು. ಮೈಸೂರು ಸಂಸ್ಥಾನದಲ್ಲಿ ಇಂಥದೇ ರೆಗ್ಯುಲೇಷನ್ನು ಬಂದುದು ೧೯೦೧ರಲ್ಲಿ. ೧೯೩೧ರಲ್ಲಿ ಬಂಡೀಪುರದ ಸುಮಾರು ೯೦ ಚದರ ಕಿಲೋಮೀಟರು ಕಾಡು ಅಭಯಾರಣ್ಯವಾಯಿತು. ೧೯೪೧ರಲ್ಲಿ ಅದನ್ನು ವಿಸ್ತರಿಸಿ, ಗೋಪಾಲಸ್ವಾಮಿಯ ಬೆಟ್ಟದ ದೇವರ ಹೆಸರಿನಿಂದ ವೇಣುಗೋಪಾಲ ವನ್ಯಮೃಗ ವಿಹಾರವೆಂದು ಕರೆದರು.

ಆದರೂ ಇದೇ ಕಾಲದಲ್ಲಿ ರೈಫಲುಗಳು ತಮ್ಮ ಕೆಲಸವನ್ನು ಮಾಡುತ್ತಲೇ ಇದ್ದುವು. ಮೈಸೂರು ನಗರದಲ್ಲಿ ಸುಮಾರು ೧೯೦೦ರಿಂದ ೧೯೯೯ರವರೆಗೆ ನಡೆದ ವ್ಯಾನ್ ಇಂಗೆನ್ ಎಂಬವರ ಚರ್ಮಸಂಸ್ಕಾರದ ಕಾರ್ಖಾನೆಯಲ್ಲಿ ದೇಶದ ನಾನಾ ಕಡೆಗಳಿಂದ ಬಂದ ಮೃಗಗಳನ್ನು ಸಿದ್ಧಪಡಿಸಿದ ಸಂಖ್ಯೆಯು ೪೦೦೦೦ಕ್ಕೂ ಮಿಕ್ಕುದು. ಅವುಗಳಲ್ಲಿ ಹುಲಿ ಚಿರತೆಗಳೇ ಹೆಚ್ಚು. ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿಯ ಕಾಫಿತೋಟದ ಆರ್. ಸಿ. ಮಾರಿಸ್ ಹೆಸರಾದ ಬೇಟೆಗಾರ, ೦.೪೦೫ ಅಂಗುಲದ ವಿಂಚೆಸ್ಟರನ್ನು ಹಿಡಿದು ಈ ಕಾಡುಗಳಲ್ಲಿ ತಿರುಗಿದ ಕೆನೆತ್ ಆಂಡರ್ಸನ್ ಇನ್ನೊಬ್ಬನು. ಮೃಗಗಳು ಕಡಮೆಯಾಗುತ್ತಿರುವುದನ್ನು ಕಂಡು ಇವರಿಬ್ಬರೂ ಸಂರಕ್ಷಣೆಯ ಪಕ್ಷವನ್ನು ವಹಿಸಿದರು. ೧೯೭೦ರಲ್ಲಿ ಹುಲಿಯ ಬೇಟೆಯು ನಿಂತಿತು; ೧೯೭೨ರ ಗಣತಿಯಲ್ಲಿ ಭರತಖಂಡದಲ್ಲೆಲ್ಲ ಕಂಡುಬಂದ ಹುಲಿಗಳು ೧೮೨೭ ಮಾತ್ರ. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆಯಾಯಿತು. ೧೯೭೩ರಲ್ಲಿ ಹುಲಿಯೋಜನೆಗೆ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಯಿತು. ೨೦೧೧ರಲ್ಲಿ ಬಿಳಿಗಿರಿರಂಗನ ಬೆಟ್ಟವೂ ಹುಲಿಗಳ ರಕ್ಷಿತಾರಣ್ಯವೆಂದು ಘೋಷಿತವಾಯಿತು.

ಈ ಕಾಯಿದೆಗಳ ಭಾರವು ಎಲ್ಲರ ಮೇಲೂ ಸಮನಾಗಿ ಬಿದ್ದಿಲ್ಲವೆಂಬುದನ್ನೂ ಹೇಳಬೇಕು. ಶೋಕಿಗಾಗಿ ಕೊಂದವರು ಕೋವಿಯನ್ನು ಗೋಡೆಗೆ ತೂಗುಹಾಕಿದರು, ಅಷ್ಟೆ. ಕಾಡಿನಂಚಿನ ರೈತನಾದರೋ ಜೋಳ, ರಾಗಿ, ಬಾಳೆಗಳನ್ನು ಹಂದಿ ಆನೆಗಳಿಂದ ಕಾಯುವುದಕ್ಕೆ ಇಂದಿಗೂ ಅಟ್ಟಣೆಯ ಮೇಲೆ ರಾತ್ರಿಯನ್ನು ಕಳೆಯುತ್ತಿರುವನು. ಕಂದಕ, ಬೇಲಿಗಳು ಎಲ್ಲ ಕಡೆಯೂ ತಡೆಯಲಾರವು. ಆತನ ನಷ್ಟಕ್ಕೆ ಸಕಾಲದಲ್ಲಿ ಪರಿಹಾರವು ದೊರೆಯದಿದ್ದರೆ, ಕಾಯಿದೆಯ ಧರ್ಮವು ಬಡವನ ಹೊಲದ ಖರ್ಚಿನಲ್ಲಿ ನಡೆದಂತಾಗುವುದು.

ಸ್ಯಾಂಡರ್ಸನ್ನನ ಕಾಲದಲ್ಲಿ ಬೇಟೆಗಾರನ ಕೈಯನ್ನು ಹಿಡಿದು ನಿಲ್ಲಿಸುತ್ತಿದ್ದುದು ೧೯½ ಪೌಂಡಿನ ಕೋವಿಯೂ, ಹೊಗೆಯೂ, ಎದುರಿಗೆ ನಿಂತ ಆನೆಯೂ. ಆ ಮೂರನ್ನೂ ವಿದ್ಯೆಯು ಒಂದೊಂದಾಗಿ ತೆಗೆದುಹಾಕಿತು. ಆಯುಧದಲ್ಲಿದ್ದ ತಡೆಯು ಹೋದ ಮೇಲೆ ಅದು ಮನುಷ್ಯನ ಮನಸ್ಸಿನಲ್ಲಿರಬೇಕು, ಅಲ್ಲಿಯೂ ಇಲ್ಲದಿದ್ದರೆ ಶಾಸನದಲ್ಲಾದರೂ ಇರಬೇಕು. ಹೊರದೇಶಗಳ ಬೇಟೆಗಾರರು ಅದನ್ನು ತಮ್ಮ ಮನಸ್ಸಿನ ನಿಯಮಕ್ಕೂ ಲೈಸೆನ್ಸಿಗೂ ಬಿಟ್ಟಿರುವರು. ಈ ಸೀಮೆಯು ಶಾಸನವನ್ನೇ ನೆಚ್ಚಿತು. ಅದರ ಫಲವಾಗಿ, ಖೆಡ್ಡಾಕ್ಕೂ ೪ ಬೋರಿಗೂ ಹೆಸರಾಗಿದ್ದ ಕಾಡಿನಲ್ಲಿ ಆನೆಯ ಹಿಂಡೂ ಹುಲಿಯ ಹೆಜ್ಜೆಯೂ ಇಂದಿಗೂ ಉಳಿದಿರುವುವು.